ಇ-ಬೈಕ್ ಕೊಳ್ಳುವ ಮುಂಚೆ ಪ್ಲಗ್ ಪಾಯಿಂಟ್ ನೋಡಿ: ಯಾವ ಮನೆಗೆ ಯಾವ ಬ್ಯಾಟರಿ ಹೊಂದುತ್ತದೆ

ಎಲೆಕ್ಟ್ರಿಕ್ ಬೈಕ್ ತಗೊಳ್ಳಬೇಕು ಅಂತ ಹೊರಟವರು ಶೋರೂಂನಲ್ಲಿ ಮೊದಲು ಕೇಳುವುದು ಎರಡು ಪ್ರಶ್ನೆ. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್ ಓಡುತ್ತದೆ? ಆನ್‌ರೋಡ್ ಬೆಲೆ ಎಷ್ಟು? ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಇವಕ್ಕಿಂತ ಮುಂಚೆ ಮನೆಯಲ್ಲೇ ಕೂತು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ದಿನಾ ಆ ಬ್ಯಾಟರಿ ಎಲ್ಲಿ ಚಾರ್ಜ್ ಆಗುತ್ತದೆ? ಪೋರ್ಟಿಕೋದಲ್ಲಾ, ಮೆಟ್ಟಿಲ ಕೆಳಗಾ, ಬೇಸ್‌ಮೆಂಟ್‌ನಲ್ಲಾ, ಹಾಲ್‌ನಲ್ಲಿ ಟಿವಿ ಪಕ್ಕದಲ್ಲಾ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಯಾವ ಬೈಕ್ ಅನ್ನುವ ಪ್ರಶ್ನೆ ಅರ್ಧ ಬಗೆಹರಿಯಿತು.

ಜಾಗದ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2022ರ ಮಾರ್ಚ್‌ನಲ್ಲಿ ವೆಲ್ಲೂರಿನ ಒಂದು ಮನೆಯಲ್ಲಿ ರಾತ್ರಿ ಚಾರ್ಜ್‌ಗೆ ಹಾಕಿದ್ದ ಇ-ಸ್ಕೂಟರ್‌ಗೆ ಬೆಂಕಿ ಹತ್ತಿಕೊಂಡಿತು. ಹೊಗೆಯಲ್ಲಿ ಉಸಿರುಗಟ್ಟಿ ಅಪ್ಪ, ಮಗಳು ತೀರಿಕೊಂಡರು. ಏಪ್ರಿಲ್‌ನಲ್ಲಿ ವಿಜಯವಾಡದಲ್ಲೂ ನಿಜಾಮಾಬಾದ್‌ನಲ್ಲೂ ಮನೆಯೊಳಗೆ ಚಾರ್ಜ್‌ಗೆ ಇಟ್ಟಿದ್ದ ಬ್ಯಾಟರಿ ಸಿಡಿದು ಜೀವ ಹೋಯಿತು. ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದ್‌ನಲ್ಲಿ ಇ-ಸ್ಕೂಟರ್ ಶೋರೂಂಗೆ ಬಿದ್ದ ಬೆಂಕಿಯ ಹೊಗೆ ಮೇಲಿದ್ದ ಹೋಟೆಲ್‌ಗೆ ನುಗ್ಗಿ ಎಂಟು ಜನ ಸತ್ತರು. ಇಲ್ಲೆಲ್ಲ ಬೆಂಕಿ ಹತ್ತಿದ್ದು ಜನ ಮಲಗುವ, ಉಳಿದುಕೊಳ್ಳುವ ಜಾಗಕ್ಕೆ ಅಂಟಿಕೊಂಡಂತೆ. ಆಮೇಲೆ ನಿಯಮ ಬಿಗಿಯಾಯಿತು. ಬ್ಯಾಟರಿಗಳೂ ಸುಧಾರಿಸಿವೆ. ಹಾಗಂತ ಜಾಗದ ವಿಚಾರ ಬದಲಾಗಿಲ್ಲ.

ಫಿಕ್ಸೆಡ್, ಬಿಚ್ಚುವ ಬ್ಯಾಟರಿ, ಸ್ವಾಪಿಂಗ್

ಮಾರುಕಟ್ಟೆಯಲ್ಲಿ ಮೂರು ಬಗೆಯ ಗಾಡಿಗಳಿವೆ. ಬ್ಯಾಟರಿ ಗಾಡಿಯೊಳಗೇ ಬಿಗಿದಿರುವುದು ಒಂದು. ಬಿಚ್ಚಿ ಮೇಲೆ ಒಯ್ಯಬಹುದಾದದ್ದು ಇನ್ನೊಂದು. ಸ್ಟೇಷನ್‌ನಲ್ಲಿ ಖಾಲಿ ಬ್ಯಾಟರಿ ಕೊಟ್ಟು ಚಾರ್ಜ್ ಆದದ್ದನ್ನು ತರುವುದು ಮೂರನೆಯದು.

ಫಿಕ್ಸೆಡ್ ಬ್ಯಾಟರಿಯ ಗಾಡಿಗಳೇ ಜಾಸ್ತಿ. ಬೆಂಗಳೂರಿನಲ್ಲೇ ಹುಟ್ಟಿದ ಅಲ್ಟ್ರಾವಯೊಲೆಟ್ ಎಫ್77, ಒಬೆನ್ ರೋರ್ ಇದೇ ಬಗೆಯವು. ಸ್ಕೂಟರ್‌ಗಳಲ್ಲಿ ಏಥರ್, ಐಕ್ಯೂಬ್, ಚೇತಕ್ ಕೂಡ. ಬ್ಯಾಟರಿ ಪ್ಯಾಕ್ ದೊಡ್ಡದಿರುತ್ತದೆ, ಫ್ರೇಮ್‌ಗೆ ಗಟ್ಟಿಯಾಗಿ ಕೂತಿರುತ್ತದೆ. ಕೈತಪ್ಪಿ ಬೀಳುವ ಮಾತೇ ಇಲ್ಲ. ಸುರಕ್ಷತೆಯ ಲೆಕ್ಕದಲ್ಲಿ ಇದರ ದೊಡ್ಡ ಲಾಭ ಎಂದರೆ ಬ್ಯಾಟರಿ ಮನೆಯೊಳಗೆ ಬರುವುದಿಲ್ಲ. ಬದಲಿಗೆ ಗಾಡಿ ನಿಲ್ಲುವ ಜಾಗಕ್ಕೇ ಕರೆಂಟ್ ಬರಬೇಕು. ಸ್ವಂತ ಮನೆ, ಗೇಟಿನೊಳಗೆ ಜಾಗ, ಹೊರಗೋಡೆಗೆ ಒಂದು ಪಾಯಿಂಟ್ ಹಾಕಿಸುವ ಅನುಕೂಲ ಇದ್ದರೆ ಕಣ್ಣುಮುಚ್ಚಿ ಈ ಬಗೆಯನ್ನೇ ತಗೊಳ್ಳಿ.

ಬಿಚ್ಚುವ ಬ್ಯಾಟರಿ ಇರುವುದು ರಿವೋಲ್ಟ್ ಆರ್‌ವಿ400, ಹೀರೊ ವಿಡಾ ವಿ1 ಥರದ ಗಾಡಿಗಳಲ್ಲಿ. ಮೂರನೇ ಮಹಡಿಯ ಬಾಡಿಗೆ ಮನೆ, ಕೆಳಗೆ ಪಾರ್ಕಿಂಗ್‌ನಲ್ಲಿ ಪಾಯಿಂಟ್ ಇಲ್ಲ, ಓನರ್ ಹಾಕಿಸಲು ಒಪ್ಪುವುದಿಲ್ಲ ಎನ್ನುವವರಿಗೆ ಇದು ವರ. ಆದರೆ ಇದನ್ನು ತಗೊಳ್ಳುವವರು ಒಂದು ಮಾತಿಗೆ ಗಟ್ಟಿಯಾಗಿ ಕಟ್ಟುಬೀಳಬೇಕು: ಬ್ಯಾಟರಿ ಮಲಗುವ ಕೋಣೆಗೆ ಬರಕೂಡದು, ಮನೆಯ ಒಂದೇ ಬಾಗಿಲ ಹತ್ತಿರವೂ ಇರಕೂಡದು. ಬಾಲ್ಕನಿ ಇದ್ದರೆ ನೆರಳಿರುವ, ಮಳೆ ಎರಚಲು ಬೀಳದ ಮೂಲೆಯಲ್ಲಿ ಬರೀ ನೆಲದ ಮೇಲೆ ಇಡಿ. ಮ್ಯಾಟ್, ಹಾಸಿಗೆ, ಮರದ ಸ್ಟೂಲ್, ಒಗೆದ ಬಟ್ಟೆ ಯಾವುದೂ ಹತ್ತಿರ ಬೇಡ. ಬಾಲ್ಕನಿಯೂ ಇಲ್ಲದ ಒಂದು ಕೋಣೆಯ ಮನೆ ಆದರೆ ನನ್ನ ಅಭಿಪ್ರಾಯದಲ್ಲಿ ಈ ಬಗೆ ನಿಮಗಲ್ಲ. ಅಲ್ಲಿ ಮಲಗುವ ಜಾಗವೂ ಬಾಗಿಲೂ ಚಾರ್ಜಿಂಗ್ ಜಾಗವೂ ಒಂದೇ ಆಗಿಬಿಡುತ್ತದೆ.

ಭಾರವನ್ನೂ ನೋಡಿಕೊಳ್ಳಿ. ಎರಡು ಪ್ಯಾಕ್ ಇರುವ ಗಾಡಿಯಲ್ಲಿ ಒಂದೊಂದೂ ಹತ್ತು ಕೆಜಿ ಆಸುಪಾಸು ತೂಗುತ್ತದೆ. ಒಂದೇ ಪ್ಯಾಕ್ ಇದ್ದರೆ ಇನ್ನೂ ಜಾಸ್ತಿ. ಶೋರೂಂನಲ್ಲಿ ಒಮ್ಮೆ ಎತ್ತಿ ನೋಡಿದರೆ ಸಾಲದು, ಮಹಡಿ ಹತ್ತುವವರು ಯಾರು ಅನ್ನುವುದೂ ಮುಖ್ಯ. ಮನೆಯಲ್ಲಿ ವಯಸ್ಸಾದ ಅಪ್ಪನೋ ಅಮ್ಮನೋ ಅದನ್ನು ಹೊರಬೇಕಾದರೆ ಬೇಡ. ಮೆಟ್ಟಿಲ ಮೇಲೆ ಪ್ಯಾಕ್ ಕೈತಪ್ಪಿ ಬಿತ್ತು ಅಂತಿಟ್ಟುಕೊಳ್ಳಿ. ಹೊರಗಿನ ಕವಚ ಸರಿಯಾಗಿ ಕಂಡರೂ ಒಳಗೆ ಪ್ಯಾಕ್‌ನಲ್ಲಿ ಜೋಡಿಸಿರುವ ಸಣ್ಣ ಸಣ್ಣ ಸೆಲ್‌ಗಳಿಗೆ ಪೆಟ್ಟಾಗಿರಬಹುದು. ಬಿದ್ದ ಬ್ಯಾಟರಿಯನ್ನು ಸರ್ವಿಸ್ ಸೆಂಟರ್‌ನವರು ನೋಡುವವರೆಗೂ ಚಾರ್ಜ್‌ಗೆ ಹಾಕಬೇಡಿ. ಅಲ್ಲಿವರೆಗೂ ಮನೆಯ ಹೊರಗೇ ಇರಲಿ.

ಸ್ವಾಪಿಂಗ್‌ಗೆ ಒಳ್ಳೆ ಉದಾಹರಣೆ ಹೋಂಡಾದ ಆಕ್ಟಿವಾ ಇ. ಕೋಲಾರ ಜಿಲ್ಲೆಯ ನರಸಾಪುರದಲ್ಲೇ ತಯಾರಾಗುವ ಗಾಡಿ ಇದು. 1.5 ಕಿಲೋವ್ಯಾಟ್ ಅವರ್‌ನ, ಅಂದರೆ ಒಂದೂವರೆ ಯೂನಿಟ್ ಕರೆಂಟ್ ಹಿಡಿಯುವ ಎರಡು ಬ್ಯಾಟರಿ. ಮನೆಯಲ್ಲಿ ಚಾರ್ಜ್ ಮಾಡುವ ವ್ಯವಸ್ಥೆಯೇ ಇಲ್ಲ, ಸ್ವಾಪ್ ಸ್ಟೇಷನ್‌ಗೇ ಹೋಗಬೇಕು. ಇದನ್ನು ಕೊರತೆ ಅನ್ನುವವರು ಬಹಳ. ಸುರಕ್ಷತೆ ಒಂದನ್ನೇ ತೂಗಿದರೆ ಮೂರರಲ್ಲಿ ನನಗೆ ಇದೇ ಮುಂದೆ ಕಾಣುತ್ತದೆ. ಮನೆಯ ವೈರಿಂಗ್, ಅರ್ಥಿಂಗ್, ರಾತ್ರಿ ಚಾರ್ಜ್, ಹಳೇ ಬ್ಯಾಟರಿ ಯಾವ ತಲೆನೋವೂ ನಿಮ್ಮದಲ್ಲ. ಆದರೆ ಬೆಂಗಳೂರಿನ ಒಳಗೆ ಓಡಾಡುವವರಿಗೆ ಇದು ಸರಿ, ತುಮಕೂರಿನಿಂದಾಚೆ ಊರಿಗೆ ಹೋಗಿಬರುವವರಿಗೆ ಕಷ್ಟ. ಮನೆಗೂ ಆಫೀಸಿಗೂ ಮಧ್ಯೆ ದಾರಿಯಲ್ಲೇ ಸ್ಟೇಷನ್ ಸಿಗುತ್ತದೆಯೇ, ಸಂಜೆ ಅಲ್ಲಿ ತುಂಬಿದ ಬ್ಯಾಟರಿ ಇರುತ್ತದೆಯೇ ಅಂತ ನೀವೇ ಹೋಗಿ ನೋಡಿ. ತಿಂಗಳ ಪ್ಲಾನ್‌ನ ದರವನ್ನೂ ನೋಡಿ.

ಎಲ್‌ಎಫ್‌ಪಿ, ಎನ್‌ಎಂಸಿ

ಬ್ರೋಷರ್‌ನಲ್ಲಿ ಲಿಥಿಯಂ ಅಯಾನ್ ಅಂತ ಮಾತ್ರ ಬರೆದಿದ್ದರೆ ಅರ್ಧ ಮಾತು ಹೇಳಿದಂತೆ. ಎಲ್‌ಎಫ್‌ಪಿಯೋ ಎನ್‌ಎಂಸಿಯೋ ಅಂತ ಕೇಳಿ. ಎಲ್‌ಎಫ್‌ಪಿಯಲ್ಲಿ ಕಬ್ಬಿಣ, ಫಾಸ್ಫೇಟ್ ಇರುತ್ತದೆ. ಎನ್‌ಎಂಸಿಯಲ್ಲಿ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್. ಬಿಸಿ ಏರಿದಂತೆ ಸೆಲ್ ತನ್ನ ಬಿಸಿಯನ್ನು ತಾನೇ ಹೆಚ್ಚಿಸಿಕೊಂಡು ಕೈಮೀರುವ ಮಟ್ಟ ಎನ್‌ಎಂಸಿಗೆ ಸುಮಾರು 210 ಡಿಗ್ರಿ ಸೆಲ್ಸಿಯಸ್, ಎಲ್‌ಎಫ್‌ಪಿಗೆ ಸುಮಾರು 270. ಎಲ್‌ಎಫ್‌ಪಿ ಕೆಟ್ಟಾಗಲೂ ಹೊರಬರುವ ಬಿಸಿ ಕಡಿಮೆ. ಆಯಸ್ಸು ಕೂಡ ಜಾಸ್ತಿ, ಎರಡು ಸಾವಿರ ಸಲ ಚಾರ್ಜ್ ಮಾಡಿದರೂ ತಡೆಯುತ್ತದೆ. ಎನ್‌ಎಂಸಿಯ ಲಾಭ ತೂಕದ್ದು. ಅದೇ ಭಾರಕ್ಕೆ ಹೆಚ್ಚು ಕಿಲೋಮೀಟರ್ ಸಿಗುತ್ತದೆ. ಅದಕ್ಕೇ ಹೆಚ್ಚಿನ ಗಾಡಿಗಳಲ್ಲಿ ಇರುವುದು ಅದೇ. ಒಬೆನ್ ರೋರ್ ಎಲ್‌ಎಫ್‌ಪಿ ಬಳಸುವ ಬೈಕ್.

ರಾಯಚೂರು, ಕಲಬುರಗಿ ಕಡೆಯವರಾದರೆ, ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುವ ಊರಾದರೆ, ಮನೆಗೆ ಅಂಟಿಕೊಂಡೇ ಚಾರ್ಜ್ ಮಾಡಬೇಕಾದರೆ ಎಲ್‌ಎಫ್‌ಪಿ ಕಡೆ ವಾಲಿ. ಸ್ವಲ್ಪ ಭಾರ, ಸ್ವಲ್ಪ ಕಡಿಮೆ ದೂರ ಸಿಕ್ಕರೂ ಪರವಾಗಿಲ್ಲ. ಆದರೆ ಎಲ್‌ಎಫ್‌ಪಿಗೆ ಬೆಂಕಿಯೇ ಹತ್ತುವುದಿಲ್ಲ ಅಂತ ಸೇಲ್ಸ್‌ನವರು ಹೇಳಿದರೆ ನಂಬಬೇಡಿ. ಅಪಾಯ ಕಡಿಮೆ ಅಷ್ಟೆ, ಇಲ್ಲವೆಂದಲ್ಲ. ಎಲ್‌ಎಫ್‌ಪಿ ಬಳಸುವವರಿಗೆ ಇನ್ನೊಂದು ಸೂಚನೆ. ಇದರ ವೋಲ್ಟೇಜ್ ಬಹಳ ಹೊತ್ತು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ ಮೀಟರ್‌ನಲ್ಲಿ ತೋರುವ ಶೇಕಡಾವಾರು ಕ್ರಮೇಣ ತಪ್ಪುತ್ತಾ ಹೋಗಬಹುದು. ಆಗಾಗ ಪೂರ್ತಿ 100ಕ್ಕೆ ಚಾರ್ಜ್ ಮಾಡಿದರೆ ಲೆಕ್ಕ ಸರಿಯಾಗುತ್ತದೆ. ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿ.

ಯಾವ ಬಗೆಯದೇ ಆಗಲಿ, ಗಾಡಿ ಎಐಎಸ್-156 ತಿದ್ದುಪಡಿ 3ರ ಪ್ರಕಾರ ಪರೀಕ್ಷೆ ಆದದ್ದಾ ಅಂತ ಕೇಳಿ. 2022ರ ಬೆಂಕಿ ಅನಾಹುತಗಳ ನಂತರ ಬಂದ ಬ್ಯಾಟರಿ ಸುರಕ್ಷತೆಯ ನಿಯಮ ಇದು. ಮೊದಲ ಹಂತ 2022ರ ಡಿಸೆಂಬರ್ 1ರಿಂದ, ಎರಡನೆಯದು 2023ರ ಮಾರ್ಚ್ 31ರಿಂದ ಜಾರಿಗೆ ಬಂತು. ಒಂದು ಸೆಲ್ ಒಳಗೇ ಶಾರ್ಟ್ ಆದರೆ ಇಡೀ ಪ್ಯಾಕ್‌ಗೆ ಹರಡುತ್ತದೆಯೇ ಅನ್ನುವ ಪರೀಕ್ಷೆ ಎರಡನೇ ಹಂತದಲ್ಲಿದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ನೋಡುವವರು 2023ರ ಏಪ್ರಿಲ್ ನಂತರ ತಯಾರಾದ ಗಾಡಿಯನ್ನೇ ಹುಡುಕುವುದು ಒಳ್ಳೆಯದು.

ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ ಎನ್ನುವ ಕಡಿಮೆ ವೇಗದ ಗಾಡಿಗಳೂ ಇವೆ. ಮೋಟಾರ್ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇರಬೇಕು ಅನ್ನುವುದು ನಿಯಮ. ಬೆಲೆ ಕಡಿಮೆ ಅಂತ ಕಾಲೇಜಿಗೆ ಹೋಗುವ ಮಕ್ಕಳಿಗೆ ಕೊಡಿಸುವವರು ಜಾಸ್ತಿ. ವಾಹನ ಪರೀಕ್ಷಿಸುವ ಸಂಸ್ಥೆಗಳಾದ ಎಆರ್‌ಎಐ ಅಥವಾ ಐಕ್ಯಾಟ್‌ನ ಪ್ರಮಾಣಪತ್ರ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಅಲ್ಲಿಂದ ಎದ್ದು ಬನ್ನಿ.

6 ಆಂಪ್ ಪಾಯಿಂಟ್, 16 ಆಂಪ್ ಪಾಯಿಂಟ್

ಇಡೀ ಬರಹದಲ್ಲಿ ಹೆಚ್ಚು ಗಮನ ಕೊಟ್ಟು ಓದಬೇಕಾದ ಭಾಗ ಇದು. ಬ್ಯಾಟರಿ ಎಷ್ಟೇ ಒಳ್ಳೆಯದಿರಲಿ, ಗೋಡೆಯ ಸಾಕೆಟ್ ಸಡಿಲವಾಗಿದ್ದರೆ ಬೆಂಕಿ ಅಲ್ಲಿಂದಲೇ ಶುರುವಾಗಬಹುದು.

ಲೆಕ್ಕ ಸುಲಭ. ದ್ವಿಚಕ್ರ ವಾಹನದ ಮನೆ ಚಾರ್ಜರ್ ಸಾಮಾನ್ಯವಾಗಿ 650ರಿಂದ 950 ವ್ಯಾಟ್. 950 ವ್ಯಾಟ್ ಅನ್ನು 230 ವೋಲ್ಟ್‌ನಿಂದ ಭಾಗಿಸಿದರೆ ನಾಲ್ಕು ಆಂಪ್‌ಗಿಂತ ಸ್ವಲ್ಪ ಜಾಸ್ತಿ. ಚಾರ್ಜರ್‌ನಲ್ಲಿ ಆಗುವ ನಷ್ಟ ಸೇರಿಸಿದರೆ ಐದರ ಹತ್ತಿರ. ನಮ್ಮಲ್ಲಿ ಸಣ್ಣ ಪಿನ್ನಿನ ಸಾಕೆಟ್ 6 ಆಂಪ್‌ನದು. ಲೆಕ್ಕದ ಪ್ರಕಾರ ಸಾಲಬೇಕು, ಅಲ್ವಾ? ಸಾಲುವುದಿಲ್ಲ. ಇಸ್ತ್ರಿ ಪೆಟ್ಟಿಗೆ ಬಿಸಿಯಾದ ಮೇಲೆ ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಮಿಕ್ಸಿ ಐದು ನಿಮಿಷದ ಕೆಲಸ. ಗಾಡಿಯ ಚಾರ್ಜರ್ ಮಾತ್ರ ನಾಲ್ಕು ಗಂಟೆ ಒಂದೇ ಸಮ ಎಳೆಯುತ್ತದೆ. ಸಾಕೆಟ್ ಒಳಗಿನ ಹಿತ್ತಾಳೆ ಕ್ಲಿಪ್ ಸ್ವಲ್ಪ ಅಗಲವಾಗಿದ್ದರೂ ಪಿನ್ ಅಲ್ಲಿ ಬಿಗಿಯಾಗಿ ಕೂರುವುದಿಲ್ಲ. ಸಡಿಲ ಸಂಪರ್ಕದಲ್ಲಿ ಬಿಸಿ ಏರುತ್ತದೆ. ಬಿಸಿಗೆ ಕ್ಲಿಪ್ ಇನ್ನಷ್ಟು ಸಡಿಲವಾಗುತ್ತದೆ.

ಇದನ್ನು ನೀವೇ ನೋಡಬಹುದು. ಚಾರ್ಜ್‌ಗೆ ಹಾಕಿ ಒಂದು ಗಂಟೆ ಬಿಡಿ. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ತಕ್ಷಣ ಅದರ ಮುಖಕ್ಕೆ ಅಂಗೈ ತಾಗಿಸಿ. ಬೆಚ್ಚಗಿದ್ದರೆ ಸರಿ. ಕೈ ಇಟ್ಟುಕೊಳ್ಳಲು ಆಗದಷ್ಟು ಸುಟ್ಟರೆ ಅವತ್ತೇ ಚಾರ್ಜಿಂಗ್ ನಿಲ್ಲಿಸಿ. ಆಮೇಲೆ ಸಾಕೆಟ್‌ನ ಕೆಳಗಿನ ಎರಡು ತೂತುಗಳನ್ನು ಟಾರ್ಚ್ ಹಾಕಿ ನೋಡಿ. ಒಂದರ ಸುತ್ತ ಬಿಳಿ ಪ್ಲಾಸ್ಟಿಕ್ ಟೀ ಕಲೆಯ ಹಾಗೆ ಕಂದು ಬಣ್ಣಕ್ಕೆ ತಿರುಗಿದ್ದರೆ, ಅಂಚು ಸ್ವಲ್ಪ ಕರಗಿ ತೂತು ಓರೆಯಾಗಿದ್ದರೆ, ಆ ಸಾಕೆಟ್‌ನ ಕಥೆ ಮುಗಿಯಿತು. ಸಾಮಾನ್ಯವಾಗಿ ಕಂದಾಗುವುದು ಒಂದೇ ಕಡೆ, ಕ್ಲಿಪ್ ಸಡಿಲವಾದ ಕಡೆ. ಪ್ಲಗ್‌ನ ಆ ಪಿನ್ನೂ ಕಪ್ಪಾಗಿರುತ್ತದೆ. ಸಾಕೆಟ್ ಮಾತ್ರ ಬದಲಿಸಿ ಕಪ್ಪಾದ ಪಿನ್ನನ್ನು ಹಾಗೇ ಬಳಸಿದರೆ ಹೊಸ ಸಾಕೆಟ್ ಕೂಡ ಬೇಗ ಹಾಳಾಗುತ್ತದೆ.

ಹಾಗಾದರೆ ಏನು ಹಾಕಿಸಬೇಕು? 16 ಆಂಪ್‌ನ ಐಎಸ್‌ಐ ಗುರುತಿನ ಸಾಕೆಟ್. ಡಿಬಿಯಿಂದ, ಅಂದರೆ ಇಡೀ ಮನೆಗೆ ಕರೆಂಟ್ ಹಂಚುವ ಪೆಟ್ಟಿಗೆಯಿಂದ, ಅದಕ್ಕೇ ಬೇರೆ ಲೈನ್. 2.5 ಚದರ ಮಿಲಿಮೀಟರ್‌ನ ತಾಮ್ರದ ವೈರ್, ಪಾರ್ಕಿಂಗ್ ದೂರ ಇದ್ದರೆ 4. ಅದಕ್ಕೆ 16 ಆಂಪ್‌ನ ಎಂಸಿಬಿ, ಜೊತೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ. ಕರೆಂಟ್ ಮಿತಿಮೀರಿದರೆ ಲೈನ್ ಕಡಿಯುವ ಎಂಸಿಬಿ ಕಾಪಾಡುವುದು ವೈರನ್ನು. ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಕಾಪಾಡುವುದು ಮನುಷ್ಯರನ್ನು. ಎರಡೂ ಬೇಕು, ಒಂದಿದ್ದರೆ ಇನ್ನೊಂದು ಬೇಡ ಅನ್ನುವ ಹಾಗಿಲ್ಲ. ಆರ್‌ಸಿಸಿಬಿ ಕೊಳ್ಳುವಾಗ ಟೈಪ್ ಎ ಕೇಳಿ. ಅಂಗಡಿಯಲ್ಲಿ ಮೊದಲು ಕೈಗೆ ಕೊಡುವ ಟೈಪ್ ಎಸಿ, ಚಾರ್ಜರ್‌ಗಳಲ್ಲಿ ಆಗುವ ಕೆಲವು ಬಗೆಯ ಸೋರಿಕೆಯನ್ನು ಗುರುತಿಸುವುದಿಲ್ಲ. ಹೊರಗಡೆ ಹಾಕಿಸುವುದಾದರೆ ಮುಚ್ಚಳ ಇರುವ ಬಾಕ್ಸ್ ಇರಲಿ, ನೆಲದಿಂದ ಎದೆ ಎತ್ತರದಲ್ಲಿರಲಿ. ಮಳೆ ನೀರು ನಿಂತರೂ ಮುಟ್ಟಬಾರದು, ಪುಟ್ಟ ಮಕ್ಕಳ ಕೈಗೂ ಸಿಗಬಾರದು.

ಇನ್ನು ಅರ್ಥಿಂಗ್. ಹಳೇ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇರುತ್ತದೆ, ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಮೂರು ಲೈಟಿನ ಸಾಕೆಟ್ ಟೆಸ್ಟರ್ ಅಂತ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಸುಮ್ನೆ ಚುಚ್ಚಿದರೆ ಸಾಕು, ಅರ್ಥ್ ಇಲ್ಲದಿದ್ದರೆ, ಫೇಸ್ ನ್ಯೂಟ್ರಲ್ ಅದಲುಬದಲಾಗಿದ್ದರೆ ಲೈಟ್‌ಗಳ ಜೋಡಣೆಯಿಂದ ತಿಳಿಯುತ್ತದೆ. ಆದರೆ ಅರ್ಥ್ ಎಷ್ಟು ಗಟ್ಟಿಯಾಗಿದೆ ಅನ್ನುವುದನ್ನು ಅದು ಹೇಳುವುದಿಲ್ಲ. ಅದಕ್ಕೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಪಿಟ್ ನೋಡಿಸಿ. ಗಾಡಿಯ ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಸಿಗಿಸಿ ಚಾರ್ಜ್ ಮಾಡುವುದು ದೊಡ್ಡ ತಪ್ಪು. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಗಾಡಿ ಮುಟ್ಟುವ ದಿನ ಅದರ ಅಪಾಯ ಗೊತ್ತಾಗುತ್ತದೆ.

ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಕಿಟಕಿಯಿಂದ ವೈರ್ ಇಳಿಬಿಟ್ಟು ರಸ್ತೆ ಬದಿಯಲ್ಲಿ ಚಾರ್ಜ್ ಮಾಡುವುದು ಬೇಡ. ಸುರುಳಿ ಸುತ್ತಿದ ವೈರ್ ಬಿಸಿಯಾಗುತ್ತದೆ, ಕಿಟಕಿಯ ಬಾಗಿಲಿಗೆ ಸಿಕ್ಕ ಕಡೆ ಹರಿಯುತ್ತದೆ. ಮನೆಯ ಯುಪಿಎಸ್ ಲೈನಿಗೂ ಹಾಕಬೇಡಿ. ಫ್ಯಾನು, ಲೈಟಿಗೆಂದು ಇರುವ ಇನ್ವರ್ಟರ್‌ಗೆ ಇದು ತೀರಾ ದೊಡ್ಡ ಲೋಡ್. ಗುಡುಗು ಸಿಡಿಲಿನ ಸಂಜೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ರಾತ್ರಿ ಪೂರ್ತಿ ಚಾರ್ಜ್, ಸಂಜೆ ಎರಡು ಗಂಟೆ ಚಾರ್ಜ್

ರಾತ್ರಿ ಹಾಕಿ ಮಲಗಿ ಬೆಳಿಗ್ಗೆ ತೆಗೆಯುವುದು ಎಲ್ಲರ ಅಭ್ಯಾಸ. ಕಂಪನಿಗಳೂ ಅದನ್ನು ಬೇಡ ಅನ್ನುವುದಿಲ್ಲ. ತುಂಬಿದ ಮೇಲೆ ಚಾರ್ಜರ್ ತಾನೇ ನಿಲ್ಲುತ್ತದೆ, ನಿಜ. ಆದರೆ ಒಂದು ಲೆಕ್ಕ ಹಾಕೋಣ. ಒಂದು ಕಿಲೋವ್ಯಾಟ್ ಅವರ್ ಅಂದರೆ ಕರೆಂಟ್ ಬಿಲ್‌ನ ಒಂದು ಯೂನಿಟ್. ಸಾಮಾನ್ಯ ಇ-ಸ್ಕೂಟರ್ ಅಥವಾ ಸಣ್ಣ ಬೈಕ್ 30 ಕಿಲೋಮೀಟರ್‌ಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ. ದಿನಕ್ಕೆ 30-40 ಕಿಲೋಮೀಟರ್ ಓಡಿಸುವವರಿಗೆ 750 ವ್ಯಾಟ್ ಚಾರ್ಜರ್‌ನಲ್ಲಿ ಎರಡು ಗಂಟೆ ಸಾಕು. ಸಂಜೆ ಮನೆಗೆ ಬಂದು ಅರ್ಧ ಮುಕ್ಕಾಲು ಗಂಟೆ ಗಾಡಿ ತಣ್ಣಗಾಗಲು ಬಿಡಿ. ಎಂಟಕ್ಕೆ ಹಾಕಿ, ಹತ್ತಕ್ಕೆ ತೆಗೆದು ಮಲಗಿ. ಎಲ್ಲರೂ ಎಚ್ಚರವಾಗಿರುವ ಹೊತ್ತಿನಲ್ಲಿ ಕೆಲಸ ಮುಗಿಯುತ್ತದೆ. ವಾಸನೆಯೋ ಹೊಗೆಯೋ ಬಂದರೆ ಯಾರಿಗಾದರೂ ತಿಳಿಯುತ್ತದೆ. ಎರಡರಲ್ಲಿ ನನ್ನ ಆಯ್ಕೆ ಇದೇ, ಅನುಮಾನವೇ ಇಲ್ಲ.

ಎಫ್77 ಥರದ ದೊಡ್ಡ ಬೈಕ್‌ನಲ್ಲಿ 10.3 ಕಿಲೋವ್ಯಾಟ್ ಅವರ್‌ನ ಪ್ಯಾಕ್ ಬರುತ್ತದೆ. ಖಾಲಿಯಾದರೆ ಎರಡು ಗಂಟೆಯಲ್ಲಿ ಮನೆಯಲ್ಲಿ ತುಂಬುವುದಿಲ್ಲ, ರಾತ್ರಿ ಬೇಕೇ ಬೇಕು. ಅಂಥ ಗಾಡಿ ಕೊಳ್ಳುವವರಿಗೆ ಮನೆಯಿಂದ ಸ್ವಲ್ಪ ಬೇರೆಯಾಗಿ ನಿಂತ ಪಾರ್ಕಿಂಗ್, ಮೇಲೆ ಹೇಳಿದ ಬೇರೆ ಲೈನ್ ಇರಲೇಬೇಕು ಅನ್ನುವುದು ನನ್ನ ಮಾತು.

ದಿನದ ಓಡಾಟಕ್ಕೆ ಶೇಕಡಾ 80-90ಕ್ಕೆ ಚಾರ್ಜ್ ನಿಲ್ಲಿಸುವುದು ಎನ್‌ಎಂಸಿ ಬ್ಯಾಟರಿಯ ಆಯಸ್ಸಿಗೆ ಒಳ್ಳೆಯದು. ದೂರ ಹೊರಡುವ ಹಿಂದಿನ ದಿನ 100 ಮಾಡಿ. ಒಂದು ತಿಂಗಳು ಊರಿಗೆ ಹೋಗುವುದಾದರೆ 50ರ ಆಸುಪಾಸಿನಲ್ಲಿ ಬಿಟ್ಟು ಪ್ಲಗ್ ತೆಗೆದಿಡಿ. ಸೊನ್ನೆಯಲ್ಲಿ ಬಿಟ್ಟು ಹೋದರೆ ಬ್ಯಾಟರಿ ತಾನಾಗೇ ಇನ್ನೂ ಇಳಿದು ಮತ್ತೆ ಏಳದಂತಾಗಬಹುದು.

ರಸ್ತೆ ಬದಿಯ ಫಾಸ್ಟ್ ಚಾರ್ಜರ್ ದಿನದ ಊಟವಾಗಬಾರದು. ಬೇಗ ತುಂಬಿಸುವಾಗ ಸೆಲ್ ಬಿಸಿಯಾಗುತ್ತದೆ. 80 ದಾಟಿದ ಮೇಲೆ ವೇಗವೂ ಇಳಿಯುವುದರಿಂದ ಅಲ್ಲಿ ನಿಂತು ಕಾಯುವುದರಲ್ಲಿ ಲಾಭವಿಲ್ಲ. ಬಿಸಿಲಲ್ಲಿ ಹೈವೇ ಓಡಿಸಿ ಬಂದು ತಕ್ಷಣ ಫಾಸ್ಟ್ ಚಾರ್ಜ್‌ಗೆ ಹಾಕುವ ಬದಲು ಒಂದು ಕಾಫಿ ಕುಡಿದು ಹಾಕಿ. ಕೊಳ್ಳುವಾಗ ಕನೆಕ್ಟರ್ ಯಾವುದು ಅಂತಲೂ ನೋಡಿ. ಏಥರ್ ತಯಾರಿಸಿದ ಕನೆಕ್ಟರ್‌ಗೆ 2023ರಲ್ಲಿ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನ್ಯತೆ ಸಿಕ್ಕಿತು. ವಿಡಾ ಗಾಡಿಗಳಿಗೂ ಅದೇ ಹೊಂದುತ್ತದೆ. ನಿಮ್ಮ ದಾರಿಯಲ್ಲಿ ಯಾವ ಕನೆಕ್ಟರ್‌ನ ಸ್ಟೇಷನ್ ಇದೆ ಅನ್ನುವುದರ ಮೇಲೆ ಗಾಡಿ ಆರಿಸಿ.

ಬಿಸಿಲ ಸೀಮೆಯವರಿಗೆ ಬೆಳಿಗ್ಗೆ ಬೇಗ ಎದ್ದು ಚಾರ್ಜ್‌ಗೆ ಹಾಕುವುದೂ ಒಳ್ಳೆಯದು. ತಗಡಿನ ಶೆಡ್ ಕೆಳಗೆ ಮಧ್ಯಾಹ್ನ ಚಾರ್ಜ್ ಮಾಡಬೇಡಿ. ಶೆಡ್ ಒಳಗಿನ ಬಿಸಿ ಹೊರಗಿಗಿಂತಲೂ ಹೆಚ್ಚು.

ಕಂಪನಿ ಚಾರ್ಜರ್, ಮಾರ್ಕೆಟ್ ಚಾರ್ಜರ್

ಚಾರ್ಜರ್ ಕೆಟ್ಟಾಗ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೋ ಆನ್‌ಲೈನ್‌ನಲ್ಲೋ ಕಡಿಮೆ ಬೆಲೆಗೆ ಸಿಗುವುದನ್ನು ತರುವವರಿದ್ದಾರೆ. 48 ವೋಲ್ಟ್ ಅಂತ ಗಾಡಿಯ ಮೇಲೂ ಬರೆದಿದೆ, ಚಾರ್ಜರ್ ಮೇಲೂ ಬರೆದಿದೆ, ಪಿನ್ ಕೂಡ ಕೂರುತ್ತದೆ. ಹಾಗಾದರೆ ಆಯ್ತಲ್ಲ ಅನ್ನಿಸುತ್ತದೆ. ಇಲ್ಲ. 13 ಸೆಲ್ ಸಾಲಿನ ಎನ್‌ಎಂಸಿ ಪ್ಯಾಕ್ ಪೂರ್ತಿ ತುಂಬುವುದು 54.6 ವೋಲ್ಟ್‌ಗೆ, ಅಂದರೆ ಸೆಲ್‌ಗೆ 4.2. 16 ಸೆಲ್ ಸಾಲಿನ ಎಲ್‌ಎಫ್‌ಪಿ ಪ್ಯಾಕ್ ತುಂಬುವುದು 58.4ಕ್ಕೆ. ಎರಡನ್ನೂ ಅಂಗಡಿಯಲ್ಲಿ 48 ವೋಲ್ಟ್ ಅಂತಲೇ ಕರೆಯುತ್ತಾರೆ. ಎಲ್‌ಎಫ್‌ಪಿಯ ಚಾರ್ಜರ್ ತಂದು ಎನ್‌ಎಂಸಿಗೆ ಸಿಗಿಸಿದರೆ ಒಂದೊಂದು ಸೆಲ್ ಅನ್ನು 4.49 ವೋಲ್ಟ್‌ವರೆಗೆ ನೂಕುತ್ತದೆ. ಬ್ಯಾಟರಿಯೊಳಗೆ ಅದನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡ್, ಅಂದರೆ ಬಿಎಂಎಸ್, ಇದನ್ನು ತಡೆಯಬೇಕು, ಬಹುಪಾಲು ತಡೆಯುತ್ತದೆ. ಆದರೆ ಆ ಬಿಎಂಎಸ್ ಕೆಟ್ಟ ದಿನ ತಡೆಯಲು ಬೇರೇನೂ ಉಳಿದಿರುವುದಿಲ್ಲ. ಲೆಡ್ ಆಸಿಡ್ ಬ್ಯಾಟರಿಯ ಚಾರ್ಜರ್ ಕೂಡ ಹಾಗೇ ಅಪಾಯ. ಹೆಚ್ಚು ಹಣ ಹೋದರೂ ಕಂಪನಿಯದ್ದೇ ತನ್ನಿ. ಬ್ಯಾಟರಿ ಬಿಚ್ಚಿ ಸೆಲ್ ಬದಲಿಸಿ ರೇಂಜ್ ಹೆಚ್ಚಿಸುತ್ತೇವೆ ಅನ್ನುವ ಗ್ಯಾರೇಜ್‌ಗಳಿಂದಲೂ ದೂರ ಇರಿ.

ಅಪಾರ್ಟ್‌ಮೆಂಟ್ ಮತ್ತು ಬಿಲ್

ಮನೆಯ ಈಗಿನ ಕರೆಂಟ್ ಕನೆಕ್ಷನ್‌ನಿಂದಲೇ ಗಾಡಿ ಚಾರ್ಜ್ ಮಾಡಿಕೊಳ್ಳಬಹುದು ಅಂತ ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿ ಹೇಳುತ್ತದೆ. ಅಸೋಸಿಯೇಷನ್ ಜೊತೆ ಮಾತಾಡುವಾಗ ಇದನ್ನು ತೋರಿಸಿ. ಆದರೆ ಅವರ ಭಯವನ್ನೂ ತಳ್ಳಿಹಾಕಬೇಡಿ. ಬೇಸ್‌ಮೆಂಟ್‌ನಲ್ಲಿ ಎದ್ದ ಹೊಗೆ ಮೊದಲು ನುಗ್ಗುವುದು ಮೆಟ್ಟಿಲು, ಲಿಫ್ಟ್ ದಾರಿಗೆ. ಹಾಗಾಗಿ ಪಾಯಿಂಟ್‌ಗಳನ್ನು ಲಿಫ್ಟ್ ಪಕ್ಕ ಹಾಕಿಸದೆ ರ‍್ಯಾಂಪ್ ಹತ್ತಿರ, ಗಾಳಿ ಆಡುವ ಕಡೆ, ಸಾಧ್ಯವಾದರೆ ನೆಲಮಟ್ಟದಲ್ಲಿ ಹಾಕಿಸಿ. ಕಟ್ಟಡದವರೆಲ್ಲ ಸೇರಿ ಇವಿಗೆಂದೇ ಬೇರೆ ಮೀಟರ್ ತೆಗೆದುಕೊಂಡರೆ ಜಗಳವೂ ಕಡಿಮೆ.

ಗೃಹಜ್ಯೋತಿ ಇರುವ ಮನೆಗಳು ಒಂದು ಲೆಕ್ಕ ಮಾಡಿಕೊಳ್ಳಬೇಕು. ದಿನಕ್ಕೆ 40 ಕಿಲೋಮೀಟರ್ ಓಡಿಸಿದರೆ ಚಾರ್ಜರ್ ನಷ್ಟವೂ ಸೇರಿ ತಿಂಗಳಿಗೆ 40ರಿಂದ 45 ಯೂನಿಟ್ ಆಗುತ್ತದೆ. ಈಗ 120 ಯೂನಿಟ್ ಬಳಸುವವರಿಗೆ ಅವರ ಮನೆಗೆ ನಿಗದಿಯಾದ ಉಚಿತ ಮಿತಿಗಿಂತ ಹೆಚ್ಚಾದಷ್ಟಕ್ಕೆ ಮಾತ್ರ ಹಣ. ಈಗಲೇ 170 ಬಳಸುತ್ತಿದ್ದರೆ ಗಾಡಿ ಬಂದ ಮೇಲೆ 200 ದಾಟುತ್ತದೆ, ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಆದರೂ ಪೆಟ್ರೋಲ್‌ಗಿಂತ ಅಗ್ಗವೇ. ಆದರೆ ಮೊದಲ ಬಿಲ್ ನೋಡಿ ಗಾಬರಿಯಾಗಿ ಪಕ್ಕದ ಅಂಗಡಿಯ ಬೋರ್ಡಿಗೋ ಮೆಟ್ಟಿಲ ಲೈಟ್ ಪಾಯಿಂಟಿಗೋ ಸಿಗಿಸಲು ಹೋಗಬೇಡಿ. ಅವು ಈ ಲೋಡಿಗೆ ಆದವಲ್ಲ.

ಓಡಿಸುವಾಗ ಪೆಟ್ರೋಲ್ ಬೈಕ್‌ಗಿಂತ ಬೇರೆ ಏನು

ಮೊದಲನೆಯದು ಸದ್ದಿಲ್ಲದಿರುವುದು. ಗಾಡಿ ಆನ್ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಮನೆ ಮುಂದೆ ಆನ್ ಮಾಡಿ ನಿಲ್ಲಿಸಿ ಗೇಟ್ ತೆಗೆಯಲು ಹೋದಾಗ, ಮುಂದೆ ಕೂತ ಮಗು ಆಕ್ಸಿಲರೇಟರ್ ತಿರುಗಿಸಿದರೆ ಗಾಡಿ ಚಿಮ್ಮುತ್ತದೆ. ಮೋಟಾರ್‌ನ ಪೂರ್ತಿ ಎಳೆತ ಸೊನ್ನೆ ವೇಗದಲ್ಲೇ ಸಿಗುತ್ತದೆ, ಕ್ಲಚ್ ಇಲ್ಲ. ಇಳಿಯುವ ಮುಂಚೆ ಆಫ್ ಮಾಡಿ. ಸೈಡ್ ಸ್ಟ್ಯಾಂಡ್ ಹಾಕಿದರೆ ಮೋಟಾರ್ ನಿಲ್ಲುವ ಸೌಲಭ್ಯ ಇದೆಯಾ ಅಂತ ಟೆಸ್ಟ್ ರೈಡ್‌ನಲ್ಲೇ ನೋಡಿ.

ಎರಡನೆಯದು ಘಟ್ಟದ ದಾರಿ. ಇದರ ಬಗ್ಗೆ ಶೋರೂಂನಲ್ಲಿ ಹೇಳುವವರು ಕಡಿಮೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಮೋಟಾರ್ ಜನರೇಟರ್ ಆಗಿ ಗಾಡಿಯನ್ನು ಹಿಡಿಯುತ್ತದೆ, ಬ್ಯಾಟರಿ ತುಂಬುತ್ತದೆ. ಆದರೆ ಬ್ಯಾಟರಿ ಆಗಲೇ 100 ಇದ್ದರೆ ತುಂಬಲು ಜಾಗವೇ ಇಲ್ಲ. ಆಗ ಆ ಹಿಡಿತ ಕಡಿಮೆಯಾಗುತ್ತದೆ ಅಥವಾ ಇಲ್ಲವಾಗುತ್ತದೆ. ಮಡಿಕೇರಿಯಲ್ಲಿ ಪೂರ್ತಿ ಚಾರ್ಜ್ ಮಾಡಿ ಸಂಪಾಜೆ ಕಡೆ ಇಳಿದರೆ ಸುಮಾರು ಸಾವಿರ ಮೀಟರ್ ಇಳಿಜಾರಿನ ಹೊರೆ ಎಲ್ಲವೂ ಬ್ರೇಕ್ ಮೇಲೇ ಬೀಳುತ್ತದೆ. ಪೆಟ್ರೋಲ್ ಗಾಡಿಯ ಹಾಗೆ ಎರಡನೇ ಗೇರ್‌ಗೆ ಇಳಿಸೋಣ ಅಂದರೆ ಹೆಚ್ಚಿನ ಇ-ಬೈಕ್‌ಗಳಲ್ಲಿ ಗೇರೇ ಇಲ್ಲ. ಘಟ್ಟದ ಮೇಲಿನವರು ಇಳಿಯುವ ದಿನ 80-85ಕ್ಕೆ ಚಾರ್ಜ್ ನಿಲ್ಲಿಸಿ ಹೊರಡಿ.

ಹತ್ತುವವರಿಗೆ ಲೆಕ್ಕ ಉಲ್ಟಾ. ಗಾಡಿ, ಸವಾರ ಸೇರಿ 200 ಕೆಜಿ ಇದ್ದರೆ ಸಾವಿರ ಮೀಟರ್ ಏರಲು ರಸ್ತೆಯ ಸಾಮಾನ್ಯ ಖರ್ಚಿನ ಮೇಲೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಬೇಕು. ಮೂರು ಯೂನಿಟ್‌ನ ಬ್ಯಾಟರಿಯಲ್ಲಿ ಅದು ಐದರಲ್ಲೊಂದು ಪಾಲಿನ ಹತ್ತಿರ. ಹಿಂದೆ ಒಬ್ಬರು ಕೂತರೆ ಇನ್ನೂ ಜಾಸ್ತಿ. ಮೀಟರ್ ತೋರಿಸುವ ರೇಂಜ್ ನಂಬಿ ಘಟ್ಟದ ಮಧ್ಯೆ ನಿಲ್ಲಬೇಡಿ.

ಬ್ಯಾಟರಿಗೆ ನೀರು ತಡೆಯುವ ಐಪಿ67 ದರ್ಜೆ ಇದ್ದರೆ ಮಳೆಗಾಲದಲ್ಲಿ ಏನೂ ಆಗುವುದಿಲ್ಲ ಅಂದುಕೊಂಡವರಿದ್ದಾರೆ. ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಮಾಡುವ ಪರೀಕ್ಷೆ ಅದು. ಅದೂ ಹೊಸ ಪ್ಯಾಕ್‌ಗೆ, ನಿಂತ ನೀರಿನಲ್ಲಿ. ಬೇಸ್‌ಮೆಂಟ್‌ಗೆ ಮಳೆ ನೀರು ನುಗ್ಗಿ ರಾತ್ರಿಯಿಡೀ ಮುಳುಗಿದ ಗಾಡಿಯನ್ನು ಆನ್ ಮಾಡಬೇಡಿ, ಚಾರ್ಜ್ ಮಾಡಬೇಡಿ. ಬಯಲಿಗೆ ತಳ್ಳಿ ನಿಲ್ಲಿಸಿ ಸರ್ವಿಸ್‌ಗೆ ಹೇಳಿ. ಬೆಂಕಿ ದಿನಗಳ ನಂತರವೂ ಬರಬಹುದು. ತೊಳೆಯುವಾಗ ಪ್ರೆಷರ್ ಪಂಪ್‌ನ ನೀರನ್ನು ಚಾರ್ಜಿಂಗ್ ಪೋರ್ಟ್, ಮೋಟಾರ್ ಕಡೆ ಹಿಡಿಯಬೇಡಿ. ಒದ್ದೆ ರಸ್ತೆಯಲ್ಲಿ ಆಕ್ಸಿಲರೇಟರ್ ತಟ್ಟನೆ ಬಿಟ್ಟರೆ ಹಿಂದಿನ ಚಕ್ರ ಜಾರಬಹುದು. ಮೋಟಾರ್ ಹಿಡಿತವನ್ನು ಕಡಿಮೆ ಮಾಡುವ ಸೆಟ್ಟಿಂಗ್ ಇದ್ದರೆ ಮಳೆಗಾಲಕ್ಕೆ ಕಡಿಮೆ ಇಡಿ.

ಹೊಗೆ ಕಂಡರೆ

ಮೊದಲ ಸೂಚನೆಗಳು ಇವು: ಸಿಹಿಯೂ ಘಾಟೂ ಬೆರೆತ ಪೇಂಟ್ ಥಿನ್ನರ್‌ನಂಥ ವಾಸನೆ, ಪ್ಯಾಕ್ ಉಬ್ಬಿರುವುದು, ಬುಸ್ ಎನ್ನುವ ಸದ್ದು, ಬಿಳಿ ಅಥವಾ ಬೂದು ಹೊಗೆ. ಮೇನ್ ಸ್ವಿಚ್ ಕೈಗೆಟುಕುವ ಹಾಗಿದ್ದರೆ ಆಫ್ ಮಾಡಿ. ಇಲ್ಲದಿದ್ದರೆ ಅದನ್ನೂ ಬಿಡಿ. ಮನೆಯವರನ್ನೆಲ್ಲ ಹೊರಗೆ ಕರೆತನ್ನಿ, ಹಿಂದೆ ಬಾಗಿಲು ಎಳೆದುಕೊಳ್ಳಿ. 112 ಅಥವಾ 101ಕ್ಕೆ ಫೋನ್ ಮಾಡಿ, ಲಿಥಿಯಂ ಬ್ಯಾಟರಿ ಅಂತ ಮೊದಲೇ ಹೇಳಿ. ಗಾಡಿಯನ್ನು ಹೊರಗೆ ತಳ್ಳಿ ಉಳಿಸಿಕೊಳ್ಳೋಣ ಅಂತ ಹೋಗಬೇಡಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲ ಇರುತ್ತದೆ. ಮನೆಯಲ್ಲಿಡುವ ಪೌಡರ್ ಎಕ್ಸ್‌ಟಿಂಗ್ವಿಷರ್ ಸಾಕೆಟ್, ಪರದೆಗೆ ಹತ್ತಿದ ಬೆಂಕಿಗೆ ಆಗುತ್ತದೆ. ಸೆಲ್ ಒಳಗೆ ಶುರುವಾದ ಬಿಸಿಯನ್ನು ಅದು ನಿಲ್ಲಿಸುವುದಿಲ್ಲ. ಅದಕ್ಕೆ ಬಹಳ ಹೊತ್ತು, ಬಹಳಷ್ಟು ನೀರು ಬೇಕು. ಆರಿದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ

ತಯಾರಾದ ತಿಂಗಳು ನೋಡುವುದರ ಬಗ್ಗೆ ಆಗಲೇ ಹೇಳಿದೆ. ಉಳಿದದ್ದು ಇಷ್ಟು. ಬ್ಯಾಟರಿಯ ಸೀರಿಯಲ್ ನಂಬರ್ ಕಾಗದಪತ್ರದ ಜೊತೆ ತಾಳೆಯಾಗಬೇಕು. ವಾರಂಟಿ ನಿಮ್ಮ ಹೆಸರಿಗೆ ವರ್ಗಾವಣೆ ಆಗುತ್ತದೆಯೇ ಅಂತ ಕಂಪನಿಯಿಂದಲೇ ಬರಹದಲ್ಲಿ ತಿಳಿದುಕೊಳ್ಳಿ. ಬ್ಯಾಟರಿಯ ಆರೋಗ್ಯದ ವರದಿಯನ್ನು ಸರ್ವಿಸ್ ಸೆಂಟರ್‌ನಲ್ಲಿ ತೆಗೆಸಿ, ಅದರ ಖರ್ಚು ನಿಮ್ಮದೇ ಆದರೂ ಸರಿ. ಗಾಡಿಯ ಜೊತೆ ಬಂದ ಮೂಲ ಚಾರ್ಜರ್ ಕೊಡಲು ಹೇಳಿ, ಅದರ ಪ್ಲಗ್‌ನ ಪಿನ್ ಕಪ್ಪಾಗಿದೆಯೇ ನೋಡಿ. ಪೂರ್ತಿ ಚಾರ್ಜ್ ಮಾಡಿಸಿ ಕನಿಷ್ಠ 20 ಕಿಲೋಮೀಟರ್ ಓಡಿಸಿ, ಎಷ್ಟು ಶೇಕಡಾ ಇಳಿಯಿತು ಬರೆದುಕೊಳ್ಳಿ. ಅಪಘಾತ ಆಗಿದ್ದ ಗಾಡಿ ಅಥವಾ ನೀರಿನಲ್ಲಿ ಮುಳುಗಿದ್ದ ಗಾಡಿ ಅಂತ ಸುಳಿವು ಸಿಕ್ಕರೂ ಸಾಕು, ಅರ್ಧ ಬೆಲೆಗೆ ಕೊಟ್ಟರೂ ಬೇಡ. ಫ್ರೇಮ್‌ನ ತಳದಲ್ಲಿ ಕೆಸರಿನ ಗೆರೆ, ಕನೆಕ್ಟರ್‌ಗಳ ಮೇಲೆ ಹಸಿರು ಕಿಲುಬು ಇದ್ದರೆ ಅದು ಮುಳುಗಿದ್ದ ಗಾಡಿ ಇರಬಹುದು. ಟಾರ್ಚ್ ಹಿಡಿದು ಸೀಟ್ ಎತ್ತಿಸಿ ನೋಡಿ, ಮಾರುವವರು ಅವಸರ ಮಾಡಿದರೂ ಬಿಡಬೇಡಿ.